ವೆರ್ನಾ ತಿರುಗಿಸುವ ಚಕ್ರ

ವೆರ್ನಾ ಲಾಕ್ಸೋ ಮಿನ್ನೆಸೋಟಾದ ಈ ಗಣಿ ಊರಿನಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವರು. ಊರಿನ ಅರ್ಧ ಜನರನ್ನು ಹಿಮದಲ್ಲಿ ಶಾಲೆ ಮುಟ್ಟಿಸಿದ್ದಾರೆ, ನನ್ನನ್ನೂ. ಅಷ್ಟು ಓದಿಯೂ ನಾನು ಕಲಿತದ್ದು ನೊರೆ ಚೆಲ್ಲದೆ ಬಿಯರ್ ಸುರಿಯುವುದನ್ನು ಮಾತ್ರ ಎಂಬುದು ಅವರ ತಪ್ಪಲ್ಲ.

ನಾನು ದುಡಿಯುವ ಹಕಾಲಾ ಪಬ್ಬಿನಲ್ಲಿ ಶನಿವಾರ ನಾಲ್ಕಕ್ಕೆ ಅವರದು ಮಾಂಸದ ಲಾಟರಿ. ಮರದ ಚಕ್ರ ಯಾವ ಅಂಕೆಗೆ ನಿಲ್ಲುತ್ತದೋ ಆ ಚೀಟಿಯವರಿಗೆ ಹಂದಿಮಾಂಸವೋ ಕೋಳಿಯೋ ಸಿಗುತ್ತದೆ. ಲಾಭವೆಲ್ಲ ಊರಿನ ಹುಡುಗಿಯರ ಐಸ್ ಹಾಕಿ ತಂಡಕ್ಕೆ.

ಕ್ರಿಸ್‌ಮಸ್ ಕಳೆದಾಗಿನಿಂದ ವೆರ್ನಾಗೆ ಅಂಕೆ ಕಾಣುತ್ತಿಲ್ಲ. ಎಂಟನ್ನು ಮೂರು ಅನ್ನುತ್ತಾರೆ. ಯಾರೂ ತಿದ್ದುವುದಿಲ್ಲ. ತಪ್ಪಾಗಿ ಗೆದ್ದವನು ಪೊಟ್ಟಣ ಹಿಡಿದು ಹೊರಗೆ ಹೋಗಿ, ನಿಜವಾಗಿ ಗೆದ್ದವನ ಗಾಡಿಯಲ್ಲಿಟ್ಟು ಬರುತ್ತಾನೆ. ಗುಟ್ಟು ಇಡೀ ಊರಿಗೆ ಗೊತ್ತು, ವೆರ್ನಾರೊಬ್ಬರನ್ನು ಬಿಟ್ಟು.

ಹಕಾಲಾ ಕಂಪನಿಯ ಹನ್ನೊಂದು ಪಬ್ಬುಗಳಲ್ಲಿ ಒಂಬತ್ತರಲ್ಲಿ ಲಾಟರಿ ನಿಂತು ಟಿವಿ ಕ್ವಿಜ್ ಬಂದಿದೆ. ನಮ್ಮದನ್ನು ಏನು ಮಾಡುವುದೆಂದು ನೋಡಲು ಮೇಲಿನ ಮ್ಯಾನೇಜರ್ ಬ್ರಿಜಿಟ್ ಕ್ವಾಮೆ ಆ ಶನಿವಾರ ಬಂದರು. ಬಂದವರು ಸುಮ್ಮನೆ ಕೂರಬಾರದೆ? ಒಂದು ಚೀಟಿಯನ್ನೂ ಕೊಂಡರು. ಎಂಟು.

ಚಕ್ರ ನಿಂತದ್ದೂ ಎಂಟಕ್ಕೇ.

"ಮೂರು," ಅಂದರು ವೆರ್ನಾ.

ನನ್ನ ಕೈಯಲ್ಲಿದ್ದ ಲೋಟದಿಂದ ನೊರೆ ಚೆಲ್ಲಿತು. ನನ್ನ ಒಂದೇ ವಿದ್ಯೆಯೂ ಹೋಯಿತು. ಮೂರರ ಚೀಟಿಯಿದ್ದ ಮುದುಕ ಆರ್ವೋ ಪೊಟ್ಟಣ ಎತ್ತಿಕೊಂಡು, ರೂಢಿಯಂತೆ, ನೆಟ್ಟಗೆ ಬ್ರಿಜಿಟ್ಟರ ಕಾರಿನತ್ತ ನಡೆದ. ಬ್ರಿಜಿಟ್ ಅವನ ಹಿಂದೆಯೇ ಎದ್ದರು. ಕೋಟನ್ನೂ ಹಾಕಿಕೊಳ್ಳದೆ ನಾನೂ ಓಡಿದೆ.

"ಇದ್ಯಾಕೆ ನನ್ನ ಕಾರ್ ಮೇಲೆ ಇಡ್ತಿದೀರಿ?" ಬ್ರಿಜಿಟ್ ಕೇಳಿದರು.

"ನಿಮ್ದೇ ಅಲ್ವಾ ತಾಯಿ," ಅಂದ ಆರ್ವೋ. ಆಮೇಲೆ ನನ್ನ ಮುಖ ನೋಡಿ, "ಅಯ್ಯೋ, ಆ ಮ್ಯಾನೇಜರ್ ಇವ್ರೇನಾ?"

"ಇವತ್ತೊಂದಿನ ಹಿಂಗಾಯ್ತು ಮೇಡಂ," ಅಂದೆ, ಹಲ್ಲು ಕಟಕಟ ಅನ್ನುತ್ತಿತ್ತು.

"ಒಂದಿನಕ್ಕೆ ಇವ್ರಿಗೆ ಇಷ್ಟು ಅಭ್ಯಾಸ ಆಗೋಯ್ತಾ?"

ಬ್ರಿಜಿಟ್ ಪೊಟ್ಟಣ ಕೈಗೆತ್ತಿಕೊಂಡು, ಕಿಟಕಿಯಿಂದ ಒಳಗಿದ್ದ ವೆರ್ನಾರತ್ತ ನೋಡಿದರು. ನಮ್ಮ ಲಾಟರಿಯ ಕಥೆ ಮುಗಿಯಿತು ಅಂದುಕೊಂಡೆ.

"ಚಕ್ರ ಅವ್ರೇ ತಿರುಗಿಸ್ಲಿ," ಅಂದರು ಕೊನೆಗೆ. "ಅಂಕೆ ಕಣ್ಣು ಕಾಣೋರು ಓದ್ಬೇಕು. ಮುಂದಿನ ವಾರದಿಂದ ನೀನು ಓದು. ಅವ್ರಿಗೆ ನೀನೇ ಹೇಳು. ಆಗದಿದ್ರೆ ಕ್ವಿಜ್ ಕಳಿಸ್ತೀನಿ."

ಕಾರು ಹೋಯಿತು. "ನಂಗೆ ಸೊಂಟ ನೋವು," ಎಂದು ಆರ್ವೋನೂ ಜಾರಿಕೊಂಡ.

ಒಳಗೆ ವೆರ್ನಾ ಚಕ್ರಕ್ಕೆ ಬಟ್ಟೆ ಹೊದಿಸುತ್ತಿದ್ದರು. ನಾನು ಮೊದಲು ಮೂರು ಮೇಜು ಒರೆಸಿದೆ. ಆಮೇಲೆ ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ.

"ವೆರ್ನಾ, ಮುಂದಿನ ವಾರದಿಂದ ಅಂಕೆ ನಾನು ಓದ್ಬೇಕಂತೆ. ನೀವು ತಿರುಗಿಸೋದು."

ಅವರ ಕೈ ನಿಂತಿತು. "ಯಾವಾಗಿಂದ ಗೊತ್ತು ನಿಂಗೆ?"

"ಜನವರಿಯಿಂದ."

"ಮಿಕ್ಕೋರಿಗೆ?"

ನಾನು ನೆಲ ನೋಡಿದೆ. ಅವರು ಕುರ್ಚಿ ಎಳೆದು ಕೂತರು. ಬೈದಿದ್ದರೆ ನನಗೆ ಹಾಯೆನಿಸುತ್ತಿತ್ತು.

"ನಿನ್ ದನಿ ಹಿಂದಿನ ಮೇಜಿಗೆ ಮುಟ್ಟಲ್ಲ ಕಣೋ," ಅಂದರು ಕಡೆಗೆ. "ಎಲ್ಲಿ, ಹದಿನೇಳು ಅನ್ನು."

"ಹದಿನೇಳು."

"ಪಾಪ, ಯಾರಿಗೆ ಹೇಳ್ತಿದೀಯ? ಇನ್ನೂ ಜೋರಾಗಿ."