ಮರಿಗಳಿಗೊಂದು ಕಾಲು

ಜಾನುವಾರು ಗಣತಿಗೆಂದು ಬೂಕನಕೆರೆಯ ಒಂದು ಮನೆಗೆ ಹೋಗಿದ್ದೆ. ಕೊಟ್ಟಿಗೆಯ ಮೂಲೆಯಲ್ಲಿ, ತಗಡಿನ ಬೇಲಿಯೊಳಗೆ, ಬಲ್ಬಿನ ಕಾವಿಗೆ ಬಿಟ್ಟಿದ್ದ ಕೋಳಿಮರಿಗಳು ಬೇಜಾರಾಗಿ ಒಂದು ಕರಿ ಮರಿಯ ಕಾಲ್ಬೆರಳು ಕುಕ್ಕುತ್ತಿದ್ದವು. ಆಗಲೇ ರಕ್ತ ಬಂದಿತ್ತು.

"ಸೊಪ್ಪು ಕಟ್ಟಿದ್ರೆ ಆಡ್ಕಂಡಿರ್ತವೆ, ಇವತ್ತು ಖಾಲಿ. ಇಂಗೇ ಬುಟ್ರೆ ಅದ್ನ ಕೊಂದೇ ಬುಡ್ತವೆ," ಎಂದ ಮನೆಯಾಕೆಯ ಕಣ್ಣು ನನ್ನ ಶೂ ಲೇಸಿನ ಮೇಲೆ ಬಿತ್ತು. "ಸಾರ್, ಒಂಚೂರು ಕಾಲು ಒಳಿಕ್ಕಿಡಿ. ಹೊಲದಿಂದ ಸೊಪ್ಪು ಕುಯ್ಕಂಡು ಬಂದ್ಬುಡ್ತೀನಿ."

ಇಲ್ಲವೆನ್ನಲು ಮಾತು ಹುಡುಕುವಷ್ಟರಲ್ಲಿ ಆಕೆ ಕೊಳೆ ಹೋಗಲೆಂದು ನನ್ನ ಶೂ ಮೇಲೆ ಒಂದು ಚೆಂಬು ನೀರು ಸುರಿದು, ಹೊರಟೇ ಹೋದಳು.

ಕಾಲಿಟ್ಟೆ. ಮರಿಗಳೆಲ್ಲ ಲೇಸಿಗೆ ಮುತ್ತಿಕೊಂಡವು. ಅಲುಗಿಸಿದರೆ ಆಟ, ನಿಲ್ಲಿಸಿದರೆ ಮತ್ತೆ ಕರಿ ಮರಿಯ ಮೇಲೆ ದಾಳಿ. ಹಾಗಾಗಿ ಒಂದೇ ಸಮನೆ ಕಾಲು ಕುಣಿಸುತ್ತಿದ್ದೆ. ಆಕೆಯ ಮಾವ ಬಂದು ಬಾಗಿಲಲ್ಲೇ ನಿಂತುಬಿಟ್ಟರು.

"ಯಾರಪ್ಪಾ ನೀನು?"

"ಗಣತಿಯವನು."

"ಅಂಗಾದ್ರೆ ಕಾಲಲ್ಲೇ ಎಣಿಸ್ತೀಯಾ?"

ಕೊನೆಗೂ ಸೊಪ್ಪು ಬಂತು. ಕಾಲು ಹೊರಗೆಳೆದೆ. ಬಿಚ್ಚಿಹೋದ ಲೇಸಿನ ತುದಿ ಕಚ್ಚಿಕೊಂಡು ಜಗ್ಗುತ್ತಿದ್ದುದು ಆ ಕರಿ ಮರಿಯೇ.

"ಎಷ್ಟಾದ್ವು?" ಎಂದರು ಮುದುಕರು.

ಎಣಿಸುವುದೇ ಮರೆತುಹೋಗಿತ್ತು.