ಪಂಪಿನ ಕೆಳಗಿನ ಕಾಗದ

ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ ಹಿಂದಕ್ಕೆ ಒದ್ದಾಗ ನನ್ನ ಮಣಿಕಟ್ಟು ಉಳಿದದ್ದು ಅಪ್ಪ ಚಿಕ್ಕಂದಿನಲ್ಲಿ ಕಲಿಸಿದ್ದ ಒಂದು ಪಾಠದಿಂದ. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಮಡಚಬಾರದು, ಉಳಿದ ನಾಲ್ಕು ಬೆರಳುಗಳ ಜೊತೆಗೇ ಇಡಬೇಕು. ಆಗ ಇಂಜಿನ್ ತಿರುಗಿಬಿದ್ದರೂ ಕೈ ತಾನಾಗಿ ಜಾರಿಬಿಡುತ್ತದೆ. ಆ ಶುಕ್ರವಾರ ಹಾಗೆ ಜಾರಿದ್ದು ಅದು ನಾಲ್ಕನೆಯ ಸಲ.

"ಬಿಡವ್ವಾ ಇನ್ನ," ಎಂದ ಅಪ್ಪ, ಬದುವಿನ ಮೇಲೆ ಕುಳಿತು. "ಸೋಮವಾರ ಆಳು ಬರ್ತಾವು. ಹೇಳಿ ಆಗೇತಿ."

ಆಳುಗಳು ಬರುವುದು ಮಲ್ಲಿಗೆ ಗಿಡ ಕೀಳಲಿಕ್ಕೆ. ಹಡಗಲಿಯ ನಮ್ಮ ತೋಟದಲ್ಲಿ ಸಾಲುಗಳ ನಡುವಿನ ಜಾಗವನ್ನು ಅಪ್ಪ ಹಳೆಯ ಟಿಲ್ಲರಿನ ಅಗಲಕ್ಕೆ ಅಳೆದು ಬಿಟ್ಟಿದ್ದ. ಎರಡು ಹಿಡಿಕೆ ಹಿಡಿದು ಹಿಂದೆ ನಡೆಯುತ್ತಾ ಓಡಿಸುವ, ನನಗಿಂತ ವಯಸ್ಸಾದ ಯಂತ್ರ ಅದು. ಅಪ್ಪನ ಭುಜ ಸೋತ ಮೇಲೆ ಈ ವರ್ಷ ಮಿನಿ ಟ್ರ್ಯಾಕ್ಟರ್ ಬಂತು. ಹೆಸರಿಗೆ ಮಿನಿ, ಟಿಲ್ಲರಿಗಿಂತ ಒಂದು ಮೊಳ ಹೆಚ್ಚು ಅಗಲ. ಮೊದಲ ದಿನವೇ ಎರಡೂ ಬದಿಯ ಕೊಂಬೆಗಳು ಮೊಗ್ಗಿನ ಸಮೇತ ಮುರಿದು ಬಿದ್ದವು. ಸಾಲು ಬಿಟ್ಟು ಸಾಲು ಕೀಳಿಸುವುದೆಂದು ಅಪ್ಪ ತೀರ್ಮಾನಿಸಿದ. ಮರುದಿನ ಮೊಗ್ಗು ಬಿಡಿಸುವಾಗ ಅವ್ವ, ಕೀಳಬೇಕಾದ ಸಾಲುಗಳಿಗೆ ಮೊದಲು ಹೋದಳು.

ಹೋದ ವರ್ಷ ಮನೆಗೆ ಮರಳಿದಾಗಿನಿಂದ ನಾನೂ ಬೆಳಗ್ಗೆ ಅವಳ ಜೊತೆ ಬಿಡಿಸುತ್ತಿದ್ದೆ. ಬೀದಿಯಲ್ಲಿ, ಬಸ್ ನಿಲ್ದಾಣದಲ್ಲಿ, ಹೂವಿನ ಅಂಗಡಿಯಲ್ಲಿ ಎಲ್ಲರೂ ಏನಾದರೂ ಕೇಳುತ್ತಿದ್ದರು. ಆ ಸಾಲುಗಳ ನಡುವೆ ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ಅದಕ್ಕೇ ಅಪ್ಪನಿಗೆ, "ಟಿಲ್ಲರ್ ನಾನು ಹೊಡಿತೀನಿ," ಎಂದಿದ್ದೆ.

"ಚಾಲೂ ಆದ್ರಲ್ಲ ಹೊಡಿಯೋದು? ಭಾನುವಾರದೊಳಗ ಚಾಲೂ ಮಾಡು. ಒಂದು ಗಿಡಾನೂ ಮುಟ್ಟಸಂಗಿಲ್ಲ."

ಹೊಸದರ ಮೇಲೆ ನನಗೆ ಸಿಟ್ಟಿಲ್ಲ. ಕೀಲಿ ತಿರುಗಿಸಿದರೆ ಹೊರಡುತ್ತದೆ, ಅಪ್ಪ ಕುಳಿತು ಓಡಿಸಬಹುದು, ಭುಜ ನೋಯುವುದಿಲ್ಲ. ಆದರೆ ಬಾನೆಟ್ ಎತ್ತಿದರೆ ಕಾಣುವುದು ವೈರು, ಮೊಹರು ಹಾಕಿದ ಡಬ್ಬಿ. ಹಳೆಯದರಲ್ಲಿ ಎಲ್ಲವೂ ಕಣ್ಣೆದುರಿಗೇ ಇದೆ. ದೊಡ್ಡ ಚಕ್ರ ತಿರುಗುವುದು ಕಾಣುತ್ತದೆ, ನೀರಿನ ತೊಟ್ಟಿಯಿಂದ ಹಬೆ ಏಳುವುದು ಕಾಣುತ್ತದೆ. ನಿಧಾನಕ್ಕೆ ಓಡುವಾಗ ಎರಡು ಬಡಿತಗಳ ನಡುವೆ ಒಂದು ಹೆಸರು ಹೇಳಿ ಮುಗಿಸುವಷ್ಟು ಬಿಡುವಿರುತ್ತಿತ್ತು. ಆ ಬಿಡುವು ನನಗೆ ಇಷ್ಟ.

ಅದನ್ನು ಕೆಡಿಸಿದವಳೂ ನಾನೇ. ಟ್ರ್ಯಾಕ್ಟರ್ ಬಂದಾಗಿನಿಂದ ಸುಮ್ಮನೆ ನಿಂತಿತ್ತೆಂದು, ವಾರವಿಡೀ ಒಂದೊಂದೇ ಭಾಗ ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ಜೋಡಿಸಿದ್ದೆ. ಡೀಸೆಲ್ ಪಂಪಿನ ಕೆಳಗೆ ಎಣ್ಣೆಯಲ್ಲಿ ನೆಂದ ಕಾಗದವಿತ್ತು, ಅದರ ಮೇಲೆ ಅರ್ಧ ಅಳಿಸಿದ ಅಕ್ಷರ. ಕೊಳೆ ಎಂದುಕೊಂಡು ಬ್ಲೇಡಿನಿಂದ ಕೆರೆದು ಎಸೆದೆ. ಕಸದ ಜೊತೆ ಅವ್ವ ಅದನ್ನು ಬಚ್ಚಲ ಒಲೆಗೆ ಹಾಕಿದಳು.

ಶನಿವಾರ ಬಸ್ಸು ಹತ್ತಿ ಕೊಟ್ಟೂರಿಗೆ ಹೋದೆ. ನಮ್ಮ ಟಿಲ್ಲರನ್ನು ಮೊದಲಿನಿಂದ ನೋಡಿಕೊಂಡಿದ್ದ ಮೇಸ್ತ್ರಿ ಈಗ ಕಣ್ಣು ಮಂಜಾಗಿ, ಮಗನ ಗ್ಯಾರೇಜಿನ ಹೊರಗೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಇಡೀ ಕಥೆ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಪಂಪಿನ ಕೆಳಗ ಕಾಗದ ಐತೇನವ್ವಾ?"

"ತೆಗೆದು ಒಗೆದೆ, ಚಾಚಾ."

"ಎಷ್ಟು ಓದೀಯವ್ವಾ ನೀನು?"

"ಎಂ.ಎಸ್ಸಿ. ಫಿಜಿಕ್ಸ್."

"ಅದಕ್ಕ! ಹತ್ತನೇತ್ತ ಫೇಲಾಗಿದ್ರ ಅದನ್ನ ಮುಟ್ತಿರಲಿಲ್ಲ ನೀನು." ಒಳಗಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಅದನ್ನು ಅವರು ನನ್ನ ಉಸಿರಿನಲ್ಲೇ ತಿಳಿದಿರಬೇಕು. ದನಿ ಇಳಿಸಿದರು. "ಆ ಕಾಗದದ ದಪ್ಪದಾಗ ಟೈಮಿಂಗ್ ಐತಿ ಬೇಟಾ. ಅದು ಹೋದ್ರ ಪಂಪು ಒಳಗ ಸರಿತೈತಿ, ಡೀಸೆಲ್ ಲಗೂನ ಬೀಳ್ತೈತಿ, ಇಂಜಿನ್ನು ತಿರುಗಿ ಒದಿತೈತಿ."

"ಕಂಪನಿದು ಸಿಗ್ತೈತೇನ್ರಿ?"

"ಕಂಪನಿನೇ ಮುಚ್ಚೇತಿ. ನಾವು ಲಗ್ನಪತ್ರಿಕಿ ಕತ್ತರಿಸಿ ಹಾಕ್ತಿದ್ವಿ. ದಪ್ಪಂದು ನೋಡು, ಗ್ರೀಸ್ ಸವರಿ ಕೂಡಿಸು. ಈಗಿನ ಪತ್ರಿಕಿ ಎಲ್ಲಾ ಮೊಬೈಲಿನ್ಯಾಗ ಬರ್ತಾವು. ಮೊಬೈಲ್ ಕತ್ತರಿಸಾಕ ಬರಂಗಿಲ್ಲ ನೋಡು."

ಮನೆಯಲ್ಲಿ ದೇವರ ಗೂಡಿನ ಹಿಂದೆ, ಕ್ಯಾಲೆಂಡರಿನ ಮೊಳೆಯಲ್ಲಿ ಹುಡುಕಿದೆ. ಸಿಕ್ಕಿದ್ದು ಎರಡೇ ಪತ್ರಿಕೆ, ಎರಡೂ ತೆಳು. ಕತ್ತರಿಸಿ, ಜೋಡಿಸಿ ಹಾಕಿದೆ. ಬೋಲ್ಟ್ ಬಿಗಿಯುತ್ತಲೇ ಕಾಗದ ಅಪ್ಪಚ್ಚಿಯಾಯಿತು. ಹ್ಯಾಂಡಲ್ ಮತ್ತೆ ಒದೆಯಿತು. ಅಕ್ಕಪಕ್ಕದ ಮನೆಗಳಿಗೆ ಹೋಗಿ ಲಗ್ನಪತ್ರಿಕೆ ಇದೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನಾನು ಅದನ್ನು ಕೇಳಿದ್ದರೆ ಅವರು ನನ್ನ ಮುಖ ನೋಡುತ್ತಿದ್ದ ರೀತಿ ನನಗೆ ಗೊತ್ತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅಂಗೈ ಬೊಬ್ಬೆಯೆದ್ದಿತ್ತು. ಎಲ್ಲಿ ದಪ್ಪ ಕಾಗದವಿದೆ ಎಂಬುದು ಶನಿವಾರದಿಂದಲೇ ಗೊತ್ತಿತ್ತು. ಅಟ್ಟದ ಟ್ರಂಕಿನಲ್ಲಿ ನನ್ನ ಮದುವೆಯ ಪತ್ರಿಕೆಗಳಿದ್ದವು. ಹಂಚುವುದಕ್ಕೆ ಮೊದಲೇ ಮದುವೆ ನಿಂತಿತು. ಕಾರಣ ಇಲ್ಲಿ ಬರೆಯುವುದಿಲ್ಲ. ಅರಿಷಿಣ ಹಚ್ಚಿದ ಪತ್ರಿಕೆಗಳನ್ನು ಸುಡಬಾರದೆಂದು ಅವ್ವ ಕಟ್ಟಿ ಒಳಗಿಟ್ಟಿದ್ದಳು. ಆಮೇಲೆ ಅವುಗಳ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯ ಪ್ರೆಸ್ಸಿನಲ್ಲಿ ಅಪ್ಪ ಒಂದೊಂದೇ ಮಾದರಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಎಲ್ಲಕ್ಕಿಂತ ದಪ್ಪದ್ದನ್ನು ಆರಿಸಿದ್ದ. "ಕೈಯಾಗ ಹಿಡಿದ್ರ ಗೊತ್ತಾಗಬೇಕು," ಎಂದಿದ್ದ.

ಒಂದು ಪತ್ರಿಕೆ ತೆಗೆದು ತೋಟಕ್ಕೆ ಒಯ್ದೆ. ಹೆಸರುಗಳಿರುವ ಭಾಗ ಬಿಟ್ಟು, ಕೆಳಗೆ ಮದುವೆಯ ಸ್ಥಳ ಅಚ್ಚಾದ ಕಡೆ ಪಂಪಿನ ಬುಡವನ್ನು ಒತ್ತಿ ಗುರುತು ಮಾಡಿ ಕತ್ತರಿಸಿದೆ. ಒಂದು ತೂತು ವಾರೆಯಾಯಿತು. ಗ್ರೀಸ್ ಸವರಿ ಬಿಗಿದೆ. ಹ್ಯಾಂಡಲ್ ಒದೆಯಿತು, ಆದರೆ ಮೆಲ್ಲಗೆ. ಅದೇ ಪತ್ರಿಕೆಯಲ್ಲಿ ಹೆಸರಿಲ್ಲದ ಕಡೆ ಮತ್ತೊಂದನ್ನು ಕತ್ತರಿಸಿ ಅದರ ಕೆಳಗೆ ಕೂಡಿಸಿದೆ. ಹೆಬ್ಬೆರಳು ಹೊರಗಿಟ್ಟು ತಿರುಗಿಸಿದೆ. ಮೂರನೆಯ ಸಲ ಕರಿ ಹೊಗೆ ಬಂತು. ಒಂದು ಬಡಿತ, ಬಿಡುವು, ಇನ್ನೊಂದು ಬಡಿತ.

ಸದ್ದು ಕೇಳಿ ಅಪ್ಪ ಮನೆಯಿಂದ ಬಂದ. ಪಂಪಿನ ಮೇಲೆ ಅಂಗೈಯಿಟ್ಟು ಬಡಿತ ನೋಡಿದ. ಆಮೇಲೆ ನೆಲದ ಮೇಲಿದ್ದ ಪತ್ರಿಕೆಯ ಉಳಿದ ತುಂಡು ಅವನ ಕಣ್ಣಿಗೆ ಬಿತ್ತು. ಹೆಸರುಗಳಿದ್ದ ತುಂಡು. ಬಗ್ಗಿ ಎತ್ತಿಕೊಂಡು, ಮಣ್ಣು ಒರೆಸಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಆಳುಗಳ ಮೇಸ್ತ್ರಿಗೆ ಫೋನ್ ಮಾಡಿ, "ನಾಳೆ ಬರಬ್ಯಾಡ್ರಿ," ಎಂದಷ್ಟೇ ಹೇಳಿದ.

"ಎಷ್ಟು ಹಾಕೀದಿ?" ಎಂದು ನನ್ನನ್ನು ಕೇಳಿದ.

"ಎರಡು."

"ಎರಡು ಸಾಕು. ವರ್ಷಕ್ಕೊಮ್ಮೆ ಬದಲು ಮಾಡಬೇಕಾಗ್ತೈತಿ." ನನ್ನ ಕಡೆ ನೋಡದೆ ಮುಂದುವರಿಸಿದ. "ಉಳಿದಾವನ್ನ ಅಟ್ಟದಾಗ ಇಡಬ್ಯಾಡ. ಪಾನಾ, ಇಕ್ಕಳ ಇಡೋ ಡಬ್ಬಿಯಾಗ ಇಡು, ಕೈಗೆ ಸಿಗಬೇಕು."

ನಾನು ಗೇರ್ ಹಾಕಿ ಸಾಲಿನೊಳಕ್ಕೆ ನಡೆದೆ. ಎರಡೂ ಬದಿಯ ಗಿಡಗಳು ನನ್ನ ಮೊಣಕೈಗೆ ತಾಗಿದವು. ಒಂದು ಕೊಂಬೆಯೂ ಮುರಿಯಲಿಲ್ಲ.