ಬೆಸ ಕೋಲುಗಳ ವಾದಿರಾಜರಾಯರು

ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು, ಈ ನಾಲ್ಕೂ ತಾಲೂಕು ಜರಡಿ ಹಿಡಿದರೂ ಗಾಲ್ಫಿನಲ್ಲಿ ನಮ್ಮ ವಾದಿರಾಜರಾಯರನ್ನು ಸೋಲಿಸಿದವರು ಒಬ್ಬರೂ ಸಿಗಲಿಕ್ಕಿಲ್ಲ. ಅವರು ಬಂಕಾಪುರದ ಹೊಲದಲ್ಲಿ ನಿಂತು ಬೀಸಿದರೆ ಚೆಂಡು ಹಾನಗಲ್ಲಿನ ಕೆರೆಗೆ ಬಿದ್ದು, ಅಲ್ಲಿಯ ಮೀನುಗಳು ಹೆದರಿ ಹಿರೇಕೆರೂರಿಗೆ ಗುಳೆ ಹೋಗುತ್ತಿದ್ದವು. ಬಂಕಾಪುರ ಕೋಟೆಯ ನವಿಲೊಂದು ಅವರ ಚೆಂಡನ್ನು ತನ್ನ ತತ್ತಿಯೆಂದು ನಂಬಿ ಕಾವಿಗೆ ಕೂತು, ಮರಿ ಹೊರಬರದ ಸಿಟ್ಟಿಗೆ ಗಂಡನೊಡನೆ ಮಾತು ಬಿಟ್ಟಿತು. ಇದನ್ನೆಲ್ಲ ಚಹಾದಂಗಡಿಯಲ್ಲಿ ಕೂತು ಊರಿಗೆ ಹೇಳಿದವನು ನಾನೇ. ರಾಯರು ಅಲ್ಲವೆನ್ನಲಿಲ್ಲ, ಹೌದೆಂದೂ ಅನ್ನಲಿಲ್ಲ.

ರಾಯರು ಸವಣೂರಿನವರು. ದೂರದ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರರಾಗಿದ್ದು, ನಿವೃತ್ತರಾದಾಗ ಅಲ್ಲಿಯ ಕ್ಲಬ್ಬು ಮಾರಿದ ಹಳೆಯ ಗಾಲ್ಫ್ ಕೋಲುಗಳ ಚೀಲ ಹೊತ್ತು ಊರಿಗೆ ಬಂದರು. ಕಬ್ಬಿಣದ ತಲೆಯ ಏಳು ಕೋಲು, ಮೂರರಿಂದ ಒಂಬತ್ತರವರೆಗೆ ನಂಬರು. ನಂಬರು ಸಣ್ಣದಾದಷ್ಟೂ ಚೆಂಡು ದೂರ. ಕೋಲೇನೋ ಬಂದವು, ಮೈದಾನವಿರಲಿಲ್ಲ. ಅದು ಇದ್ದದ್ದು ಬಂಕಾಪುರದ ನಾಗಪ್ಪನ ಹತ್ತಿರ: ಜೋಳವೂ ಮೂಗು ಮುರಿಯುವ ಕಲ್ಲು ಹೊಲ. ನಾಗಪ್ಪ ಶಾಲೆಯಲ್ಲಿ ರಾಯರ ಬೆಂಚಿನ ಗೆಳೆಯ.

"ಹೊಲಾ ನಂದು, ಕಬ್ಬಣಾ ನಿಂದು," ಎಂದ ನಾಗಪ್ಪ. "ಪಾಲಿಗೆ ಹಚ್ಚೂಣು. ಅರ್ಧಾ ಕೋಲು ನನಗ."

ನಮ್ಮ ಕಡೆ ಹೊಲವನ್ನು ಪಾಲಿಗೆ ಹಚ್ಚುವುದುಂಟು: ಒಬ್ಬನ ನೆಲ, ಇನ್ನೊಬ್ಬನ ದುಡಿಮೆ, ಬೆಳೆ ಅರ್ಧರ್ಧ. ಗಾಲ್ಫನ್ನು ಪಾಲಿಗೆ ಹಚ್ಚಿದ್ದು ಭೂಮಂಡಲದಲ್ಲಿ ಅದೇ ಮೊದಲಿರಬೇಕು. ಬೆಸ ನಂಬರಿನ ಕೋಲುಗಳು ರಾಯರಿಗೆ. ನಾಲ್ಕು, ಆರು, ಎಂಟು ನಾಗಪ್ಪನಿಗೆ. ಚೆಂಡು ಮಾತ್ರ ಒಂದೇ. ಅದು ನಿಂತ ಜಾಗಕ್ಕೆ ಯಾವ ಕೋಲು ಸರಿಯೋ, ಆ ಕೋಲಿನವನು ಹೊಡೆಯಬೇಕು. ಹೊಡೆತಕ್ಕೊಂದು ಜಗಳ.

"ಇದು ಐದರ ದೂರ ಅದನೋ, ನಾಗ್ಯಾ."

"ಹುಚ್ಚದೀ ಏನ್ಲೇ ವಾದ್ಯಾ? ಇದು ಆರರ್ದು. ಸರೀ ಬಾಜೂಕ."

ಚೆಂಡು ಒಂದು ಗುಣಿಗೆ ಬೀಳುವಷ್ಟರಲ್ಲಿ ಹೊತ್ತು ಕೋಟೆಗೋಡೆಯ ಹಿಂದೆ ಇಳಿದಿರುತ್ತಿತ್ತು. ಇಬ್ಬರಿಗೂ ಒಂದೇ ಚೆಂಡು ಅಂದಮೇಲೆ ಸೋತವರ್ಯಾರು, ಗೆದ್ದವರ್ಯಾರು? ನಾನು ಡಂಗುರ ಹೊಡೆದ ರಾಯರ ಪರಾಕ್ರಮ ಇಷ್ಟೇ. ಅವರೊಡನೆ ಆಡಿದವನು ಒಬ್ಬನೇ, ಅವನೂ ಅವರ ಕಡೆಯವನೇ.

ಹೋದ ಶ್ರಾವಣದಲ್ಲಿ ನಾಗಪ್ಪ ತೀರಿಕೊಂಡ.

ಆಮೇಲೂ ರಾಯರು ಸಂಜೆಯಾದರೆ ಸ್ಕೂಟರು ಹತ್ತಿ ಬರುತ್ತಿದ್ದರು. ಮೂರರ ಕೋಲಿನಿಂದ ಹೊಡೆದ ಚೆಂಡು ಹೋಗಿ ಆರರ ದೂರದಲ್ಲಿ ನಿಲ್ಲುತ್ತಿತ್ತು. ಅವರು ಅಲ್ಲಿಗೆ ನಡೆದು, ರೂಢಿಯಂತೆ ಜಾಗ ಬಿಟ್ಟು ಬಾಜು ಸರಿದು ನಿಲ್ಲುತ್ತಿದ್ದರು. ಯಾರೂ ಹೊಡೆಯುತ್ತಿರಲಿಲ್ಲ. ಕೊನೆಗೆ ಚೆಂಡನ್ನು ಕಿಸೆಗೆ ಹಾಕಿಕೊಂಡು ಸವಣೂರಿಗೆ ತಿರುಗುತ್ತಿದ್ದರು. ಪಕ್ಕದ ಹೊಲದ ಬದುವಿನ ಮೇಲೆ ಕೂತು ನೋಡುತ್ತಿದ್ದವರು ನಾನು ಮತ್ತು ನವಿಲುಗಳು. ಆ ಆರರ ಕೋಲನ್ನು ನಾಗಪ್ಪನ ಹೆಂಡತಿ ಫಕ್ಕೀರವ್ವ ಆಚೆ ಹೊಲದ ಶೇಂಗಾದ ಮೇಲಿನ ನವಿಲು ಓಡಿಸಲು ಇಟ್ಟುಕೊಂಡಿದ್ದಳು. ಕೇಳಿದ್ದರೆ ಕೊಡುತ್ತಿದ್ದಳು. ರಾಯರು ಕೇಳಲಿಲ್ಲ.

ಕಡೆಗೆ ಅವರ ಹೆಂಡತಿ ಇಂದಿರಾಬಾಯಿಗೇ ಸಾಕಾಯಿತು. "ಹೊಸಾ ಸೆಟ್ ತರಿಸ್ರಿ. ಹಿಂಗ ಸಪ್ಪ ಮಾರಿ ಹಾಕ್ಕೊಂಡು ಕೂಡಬ್ಯಾಡ್ರಿ," ಎಂದು ತಾವೇ ಫೋನಿನಲ್ಲಿ ತರಿಸಿಬಿಟ್ಟರು. ಆದಿತ್ಯವಾರದೊಳಗೆ ಬೇಡವೆಂದರೆ ವಾಪಸು ಕೊಡಬಹುದಿತ್ತು.

ಶನಿವಾರ ರಾಯರು ಹೊಸ ಸೆಟ್ಟಿನ ಡಬ್ಬಿಯನ್ನೂ ಹಳೆಯ ಚೀಲವನ್ನೂ ಹೊಲಕ್ಕೆ ತಂದರು. ಹೊಸ ಕೋಲುಗಳು ಅದೆಷ್ಟು ಫಳಫಳ ಎನ್ನುತ್ತಿದ್ದವೆಂದರೆ, ಮಿಂಚು ಬಂತೆಂದು ಶಿಗ್ಗಾಂವಿಯಲ್ಲಿ ಹೆಂಗಸರು ಒಣಹಾಕಿದ ಹಪ್ಪಳ ಒಳಗೆ ತೆಗೆದುಕೊಂಡರು.

"ಇಟಗೊಂಡ ಬಿಡ್ರಿ ರಾಯರ," ಎಂದೆ ನಾನು ಬದುವಿನಿಂದ. "ಏಳಕ್ಕೇಳೂ ನಿಮ್ಮ ಕೈಯಾಗ. ಇನ್ನ ಯಾರ ಹಂಗೂ ಇಲ್ಲ."

"ಹೌದು," ಎಂದರು ಅವರು. "ಯಾರ ಹಂಗೂ ಇಲ್ಲ."

ಹೊಸ ಮೂರರ ಕೋಲು ತೆಗೆದು ಹೊಡೆದರು. ಆಮೇಲೆ ಆರು. ಆಮೇಲೆ ಒಂಬತ್ತು. ಚೆಂಡು ಸಾಕಿದ ನಾಯಿಯಂತೆ ಉರುಳಿಹೋಗಿ ಗುಣಿಯೊಳಗೆ ಮಲಗಿತು. ಹೊತ್ತು ಇನ್ನೂ ಕೋಟೆಗೋಡೆಯ ಮೇಲೆ ಮಾರುದ್ದ ಇತ್ತು. ರಾಯರು ಗುಣಿ ನೋಡಿದರು, ಬಾಜು ತಿರುಗಿ ನೋಡಿದರು.

"ಮುಗದೇ ಹೋತೇನು?" ಎಂದರು. ಅದನ್ನು ನನ್ನನ್ನು ಕೇಳಿದ್ದಲ್ಲ.

ಅಷ್ಟರಲ್ಲಿ ಫಕ್ಕೀರವ್ವ ಗಂಡನ ಮೂರೂ ಕೋಲು ಹಿಡಿದು ಬಂದಳು. "ಹೊಸಾವು ಬಂದಾವಂತಲ್ರಿ ರಾಯರ? ಇವು ಇನ್ನ ಯಾತಕ್ಕ? ಗುಜರಿ ಮಲ್ಲಿಕಸಾಬ ಕೇಳಾಕತ್ತಾನ. ಕೊಟ್ಟ ಬಿಡ್ಲೇನ್ರಿ?"

ರಾಯರು ಆರನ್ನು ಕೈಗೆ ತೆಗೆದುಕೊಂಡರು. ಹಿಡಿಕೆಗೆ ನಾಗಪ್ಪ ಸೈಕಲ್ ಟ್ಯೂಬು ಸುತ್ತಿದ್ದ. ಅವನ ಹೆಬ್ಬೆರಳು ಕೂರುತ್ತಿದ್ದಲ್ಲಿ ಅದು ಸವೆದು ತಗ್ಗಾಗಿತ್ತು. ಬಹಳ ಹೊತ್ತು ಅವರ ಹೆಬ್ಬೆರಳು ಆ ತಗ್ಗಿನಲ್ಲೇ ಇತ್ತು.

"ಗುಜರಿಗೆ ಬ್ಯಾಡವಾ," ಎಂದರು. "ಪಾಲು ಇನ್ನೂ ಮುರದಿಲ್ಲ."

"ಹಂಗಾರ ನಿಮ್ಮ ಕಡೇನ ಇರ್ಲಿ. ನವಿಲು ಬಂದ್ರ ಒದರತೇನಿ, ಓಡಿ ಬರ್ರಿ ಮತ್ತ," ಎಂದು ಅವಳು ಹೊರಳಿ ಹೋದಳು.

ರಾಯರು ಹೊಸ ಕೋಲುಗಳನ್ನು ಒಂದೊಂದಾಗಿ ಮಣ್ಣೊರೆಸಿ ಡಬ್ಬಿಯಲ್ಲಿ ಮಲಗಿಸಿ ಹಗ್ಗ ಬಿಗಿದರು. ತಮ್ಮ ಹಳೆಯ ಮೂರರ ಕೋಲು ತೆಗೆದು ಹೊಡೆದರು. ಚೆಂಡು ಹೋಗಿ ಮತ್ತೆ ಅದೇ ಆರರ ದೂರದಲ್ಲಿ ನಿಂತಿತು. ಅವರು ನಡೆದುಹೋಗಿ ಬಾಜು ಸರಿದು ನಿಂತರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಏನ್ರಿ ರಾಯರ, ಬಂದ ಲಕ್ಷ್ಮೀನ ಹೊಳ್ಳಿ ಕಳಸ್ತೀರಿ? ಅರ್ಧಾ ಕೋಲಿನ್ಯಾಗ ಅರ್ಧಾ ಆಟ! ನಿಮ್ಮ ಚೆಂಡಿನ ಹೆಸರು ಊರ ತುಂಬ ಹಬ್ಬಿಸೇನಿ. ನನ್ನ ಮರ್ಯಾದಿ ಏನ ಆಗಬೇಕು?"

ರಾಯರು ಬದುವಿನ ತನಕ ಬಂದು ನಾಗಪ್ಪನ ಆರನ್ನು ನನ್ನ ಕೈಯಲ್ಲಿ ತುರುಕಿದರು.

"ನೀ ಹೊಡದ ಸುಳ್ಳು ಹಾನಗಲ್ಲ ದಾಟಿ ಹಿರೇಕೆರೂರ ಮುಟ್ಯಾವ. ಚೆಂಡು ಆ ಬೇಲಿ ತನಕರೆ ಹೋಗ್ತದೇನ ನೋಡೂಣು. ಏಳ್ ಮ್ಯಾಲೆ."